ಬಾಗಿಲಿನ ಅಳತೆ

ನನಗೆ ಇಂಜಿನಿಯರ್ ಆಗುವ ಯೋಗ್ಯತೆ ಇತ್ತು, ಅದನ್ನು ಗುರುತಿಸುವ ಯೋಗ್ಯತೆ ಗಣಿತದ ಮೇಷ್ಟ್ರುಗಳಿಗೆ ಇರಲಿಲ್ಲ ಎಂದೇ ನಾನು ಬಹಳ ಕಾಲ ನಂಬಿದ್ದೆ. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಗಣಿತದಲ್ಲಿ ನಪಾಸಾಗಿ, ಆಮೇಲೆ ಹೇಗೋ ಬಿ.ಎ. ಮುಗಿಸಿ, ಮುಂಬಯಿಗೆ ಬಂದು ಕೋಟೆ ಕಡೆಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾದೆ. ಬೆಳಿಗ್ಗೆ ಮುಲುಂಡಿನಲ್ಲಿ ಲೋಕಲ್ ಹಿಡಿಯುವುದು, ಹಗಲೆಲ್ಲ ಬೇರೆಯವರ ಗೋದಾಮಿಗೆ ಬಿದ್ದ ಬೆಂಕಿಯ ವಿವರ ಬರೆಯುವುದು, ಸಂಜೆ ಮತ್ತೆ ಲೋಕಲ್ ಹಿಡಿಯುವುದು. ಆದರೂ ನನ್ನ ಕೋಟಿನ ಜೇಬಿನಲ್ಲಿ ಸದಾ ಒಂದು ಮಡಿಸುವ ಅಡಿಕೋಲು ಇರುತ್ತಿತ್ತು. ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿದರೆ ಅದನ್ನು ತೆಗೆದು ಕಿಟಕಿಯ ಅಳತೆ ನೋಡುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಲಿ ಎಂಬ ಆಸೆ. ಯಾರೂ ಕೇಳಲಿಲ್ಲ.

ಗಾಡಿಯಲ್ಲಿ ನನಗೆ ಇನ್ನೊಂದು ಹೆಸರೂ ಇತ್ತು, ಸುಧಾರಕ ಎಂದು. ಬೆಕ್ಕು ಅಡ್ಡ ಬಂತೆಂದು ಹೆಜ್ಜೆ ಹಿಂದಿಡುವವರನ್ನು, ರಾಹುಕಾಲ ನೋಡಿ ರಜಾ ಅರ್ಜಿ ಹಾಕುವವರನ್ನು ಥಾಣೆಯ ಗಾಡಿ ದಾದರ್ ಮುಟ್ಟುವವರೆಗೂ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಕೇಳುವವರು ಕಣ್ಣು ಮುಚ್ಚಿರುತ್ತಿದ್ದರು. ಯೋಚಿಸುತ್ತಿದ್ದಾರೆ ಎಂದುಕೊಂಡು ನಾನು ಇನ್ನಷ್ಟು ಮಾತಾಡುತ್ತಿದ್ದೆ.

ನನ್ನ ಹೆಂಡತಿ ಸುಮಿತ್ರಾ ನಮ್ಮ ಬೀದಿಯ ಕೊನೆಯಲ್ಲಿದ್ದ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದಳು. ಒಂದು ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟು ಹೋಗುವಾಗ ಎರಡು ಕಾಲುಗಳ ಬಲವನ್ನೂ ತೆಗೆದುಕೊಂಡು ಹೋಯಿತು. ಡಾಕ್ಟರು ಪೋಲಿಯೋ ಎಂದರು. ಮಕ್ಕಳಿಗೆ ಬರುವ ರೋಗ ಇಷ್ಟು ದೊಡ್ಡವಳಿಗೆ ಯಾಕೆ ಬಂತು ಎಂದು ಕೇಳಿದ್ದಕ್ಕೆ, "ಒಮ್ಮೊಮ್ಮೆ ಬರುತ್ತದೆ" ಎಂದು ಕೈತೊಳೆದುಕೊಂಡರು. ಅಂದಿನಿಂದ ಸುಮಿತ್ರಾ ಒಳಗಿನ ಕೋಣೆಯ ಮಂಚದ ಮೇಲೆ ಕೂತು ಕಿಟಕಿಯಿಂದ ಬೀದಿ ನೋಡುತ್ತಿದ್ದಳು. ಅಡಿಗೆ, ಮನೆ ಎಲ್ಲವನ್ನೂ ನನ್ನ ಅಮ್ಮ ನೋಡಿಕೊಳ್ಳುತ್ತಿದ್ದಳು. ನಾನು ಸ್ಲೇಟು ಹಿಡಿಯುವ ವಯಸ್ಸಿನಲ್ಲೇ ಅಪ್ಪ ತೀರಿಕೊಂಡಿದ್ದರು. ಅಮ್ಮ ಅವರಿವರ ಮನೆಯಲ್ಲಿ ಅಡಿಗೆ ಮಾಡಿ ನನ್ನನ್ನು ಓದಿಸಿದವಳು, ಗಣಿತಕ್ಕೆ ಮಾತ್ರ ಅದು ಸಾಲದೆ ಹೋಯಿತು.

ಮಳೆಗಾಲ ಮುಗಿಯುತ್ತಿದ್ದಾಗ ಶಾಲೆಯ ಹೆಡ್‌ಮಿಸ್ಟ್ರೆಸ್ ನೀಲಾವತಿಬಾಯಿ ಮನೆಗೆ ಬಂದರು. ಧಾರವಾಡದ ಕಡೆಯವರು, ಮಾತು ಖಡಕ್ಕು.

"ದೀಪಾವಳಿ ಸೂಟಿ ಮುಗಿಯೂತನಕಾ ನಿಮ್ಮ ಜಾಗಾ ಹಂಗೇ ಇಡತೇನ್ರಿ ಟೀಚರ್. ಆದ್ರ ನಿಮ್ಮಷ್ಟಕ್ಕ ನೀವು ಬಂದು ಹೋಗೂ ಹಂಗ ಇರಬೇಕು. ನಾ ಒಬ್ಬಾಕಿ ಇದ್ದೇನಿ. ಹುಡುಗರನ್ನ ಸಂಭಾಳಿಸ್ಲೋ, ನಿಮ್ಮನ್ನ ಎತ್ತಲೋ?"

ಅವರು ಹೋದ ಮೇಲೆ ಸುಮಿತ್ರಾ, ಕಾಯಿಲೆ ಬಿದ್ದ ನಂತರ ಮೊದಲ ಸಲ, ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡಳು. ಕೈ ತೊಳೆದು ನನಗೆ ಹೇಳಿದಳು. "ಈ ಮನೆ ಬಾಗಿಲು ನಾನೇ ದಾಟೋ ಹಾಗೆ ಮಾಡಿಕೊಡಿ ರೀ, ಅಷ್ಟೇ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ. ಇಲ್ಲದಿದ್ರೆ ಈ ಕಿಟಕಿ ಮುಂದೇನೇ ಮುದುಕಿ ಆಗ್ತೀನಿ."

ಅವಳ ದನಿಯಲ್ಲಿದ್ದ ಭಯ ನನ್ನನ್ನೂ ತಟ್ಟಿತು. ಜೊತೆಗೆ, ಮುಚ್ಚಿಡುವುದೇಕೆ, ಒಳಗೊಳಗೇ ಸಂತೋಷವೂ ಆಯಿತು. ಕೊನೆಗೂ ನನ್ನ ಅಡಿಕೋಲಿಗೆ ಕೆಲಸ ಬಂದಿತ್ತು.

ಬೈಕುಲ್ಲಾದ ಒಂದು ಕಾರ್ಖಾನೆಯಲ್ಲಿ ನಾನು ಬರೆದುಕೊಟ್ಟ ಚಿತ್ರದಂತೆಯೇ ಗಾಲಿಕುರ್ಚಿ ತಯಾರಾಯಿತು. ಕೂರುವುದಕ್ಕೆ ಬೆತ್ತದ ಕುರ್ಚಿ, ಎರಡು ಪಕ್ಕಕ್ಕೆ ಸೈಕಲ್ಲಿನ ಚಕ್ರ, ಹಿಂದೆ ಒಂದು ಪುಟ್ಟ ಚಕ್ರ. ಚಕ್ರಗಳ ಹೊರಗೆ, ಕೈಯಿಂದ ಹಿಡಿದು ತಿರುಗಿಸಲು ಒಂದೊಂದು ಕಬ್ಬಿಣದ ಸುತ್ತುಪಟ್ಟಿ. ಕುರ್ಚಿ ಚೆನ್ನಾಗಿಯೇ ಬಂತು. ತೊಂದರೆ ಶುರುವಾದದ್ದು ಅದು ಮನೆಗೆ ಬಂದ ಮೇಲೆ, ಎಂದರೆ ನನ್ನ ಕೈಗೆ ಬಂದ ಮೇಲೆ.

ಕೂತವಳಿಗೆ ಎಟುಕಲಿ ಎಂದು ಮೊದಲು ಮನೆಯ ಕನ್ನಡಿಯನ್ನು ಕೆಳಗಿಳಿಸಿದೆ. ದೇವರ ಮುಂದೆಯೂ ಮಂಡಿಯೂರದ ನಾನು ದಿನವೂ ಕನ್ನಡಿಯ ಮುಂದೆ ಮಂಡಿಯೂರಿ ಕ್ಷೌರ ಮಾಡಿಕೊಳ್ಳಬೇಕಾಯಿತು. ಕಚೇರಿಯಲ್ಲಿ ನನ್ನ ಗಲ್ಲದ ಗಾಯಗಳನ್ನು ನೋಡಿ, ಮನೆಯಲ್ಲಿ ಜಗಳವೇ ಎಂದು ಕೇಳಿದರು. ಆಮೇಲೆ ಬಟ್ಟೆ ಒಣಗಿಸುವ ಹಗ್ಗವನ್ನು ಇಳಿಸಿದೆ. ನನ್ನ ಒದ್ದೆ ಪಂಚೆ ನನ್ನದೇ ಕುತ್ತಿಗೆಗೆ ಸುತ್ತಿಕೊಂಡ ದಿನ ಅಮ್ಮ ಸುಮ್ಮನೆ ಬಂದು ಹಗ್ಗವನ್ನು ಮತ್ತೆ ಮೇಲೆ ಕಟ್ಟಿದಳು. "ಅವಳು ಕೇಳಿದ್ದು ಬಾಗಿಲು ಕಣೋ" ಎಂದಳು.

ನಮ್ಮದು ನೆಲಮಟ್ಟದ ಮನೆ. ಆದರೂ ಹೊರಬಾಗಿಲ ಮುಂದೆ ಮೆಟ್ಟಿಲುಗಳಿದ್ದವು. ಮಹಡಿಯಲ್ಲಿದ್ದ ಸದಾನಂದ ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತಿದ್ದರು, ಉಡುಪಿ ಕಡೆಯವರು. ಅವರ ಹೋಟೆಲಿಗೆ ಚಹಾಪುಡಿ ಬರುತ್ತಿದ್ದ ಮರದ ಪೆಟ್ಟಿಗೆಗಳನ್ನು ಒಡೆದು, ಹಲಗೆ ಜೋಡಿಸಿ, ಮೆಟ್ಟಿಲುಗಳ ಮೇಲೆ ಒಂದು ಇಳಿಜಾರು ಕಟ್ಟಿದೆ. ಸುಮಿತ್ರಾಳನ್ನು ಅದರ ಮೇಲೆ ಬಿಡುವ ಮೊದಲು ಪರೀಕ್ಷೆ ಆಗಬೇಕಲ್ಲ. ಒಂದು ಭಾನುವಾರ ಬೆಳಿಗ್ಗೆ, ಬಿಲ್ಡಿಂಗಿನವರೆಲ್ಲ ಗ್ಯಾಲರಿಗೆ ಬಂದು ನಿಂತಿದ್ದಾಗ, ಬನಿಯನ್ನು ಪಂಚೆಯಲ್ಲಿ ನಾನೇ ಕುರ್ಚಿಯಲ್ಲಿ ಕೂತು ಹೊರಟೆ.

ಇಳಿಜಾರು ಎಷ್ಟು ಕಡಿದಾಗಿರಬೇಕು ಎನ್ನುವುದು ಗಣಿತದ ವಿಷಯ ಎಂದು ಅರ್ಧದಾರಿಯಲ್ಲಿ ಹೊಳೆಯಿತು. ಹಿಂದಿರುಗುವ ಹಾಗಿರಲಿಲ್ಲ. ಕುರ್ಚಿ ಹಲಗೆ ಬಿಟ್ಟು, ಅಂಗಳ ದಾಟಿ, ಗೇಟಿನ ಹೊರಗೆ ನಿಂತಿದ್ದ ಧೋಬಿಯ ಗಾಡಿಗೆ ಬಡಿದು ನಿಂತಿತು. ನಾನು ನಿಲ್ಲಲಿಲ್ಲ, ಇಸ್ತ್ರಿಯಾದ ಬಟ್ಟೆಗಳ ಮೇಲೆ ಮುಂದುವರಿದೆ. ಧೋಬಿ ಮರಾಠಿಯಲ್ಲಿ ನನಗೆ ಏನು ಹೇಳಿದನೋ, ಬಿಲ್ಡಿಂಗಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು.

ಸದಾನಂದ ಮೇಲಿಂದಲೇ ಕೇಳಿದರು. "ಎಂತ ಮಾರಾಯ್ರೇ, ಶಾಲೆಗೆ ಹೋಗುದಾ, ನೇರ ಥಾಣೆಗೇ ಹೋಗುದಾ?"

ಒಳಗಿನಿಂದ ಸುಮಿತ್ರಾಳ ನಗು ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಅವಳು ಹಾಗೆ ಜೋರಾಗಿ ನಕ್ಕಿದ್ದಳು. ನನ್ನ ಮೊಣಕೈ ಕಿತ್ತುಹೋಗಿ ರಕ್ತ ಬರುತ್ತಿದ್ದರೂ ಮನಸ್ಸಿಗೆ ಹಿತವಾಯಿತು.

ಎರಡನೆಯ ಇಳಿಜಾರನ್ನು ಇಟ್ಟಿಗೆ ಸಿಮೆಂಟಿನಲ್ಲಿ, ಅಂಗಳದ ಅರ್ಧದವರೆಗೂ ಉದ್ದವಾಗಿ, ಇಳಿಜಾರೋ ಅಲ್ಲವೋ ಎಂದು ಅನುಮಾನ ಬರುವಷ್ಟು ಮೆಲ್ಲಗೆ ಇಳಿಯುವಂತೆ ಕಟ್ಟಿದೆ. ಹಸಿ ಸಿಮೆಂಟಿನ ಮೇಲೆ ಬೀದಿನಾಯಿ ಮಲಗಿ ಎದ್ದು ಹೋಯಿತು. ಅದರ ಪಕ್ಕೆಯ ಗುರುತು ಹಾಗೆಯೇ ಉಳಿಯಿತು, ಆದರೆ ಇಳಿಜಾರು ಮಾತ್ರ ಸರಿಯಾಗಿತ್ತು. ಮನೆಯ ಮಾಲೀಕರು ಬಾಂದ್ರಾದಲ್ಲಿದ್ದರು. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಖಾತ್ರಿ ಇದ್ದದ್ದರಿಂದ ಕೇಳಲಿಲ್ಲ.

ಮುಂದಿನದು ಹೊಸಿಲು. ಅಮ್ಮ ಊರಿನ ಪದ್ಧತಿಯವಳು. ಶುಕ್ರವಾರ ಬಂದರೆ ಸುಮಿತ್ರಾಳ ಕೈಯಲ್ಲಿ ಅರಿಸಿನ ಕುಂಕುಮ ಹಚ್ಚಿಸಿ ಹೂ ಇಡಿಸುತ್ತಿದ್ದ ಹೊಸಿಲಿಗೆ ಗರಗಸ ಇಡುತ್ತೇನೆಂದರೆ ಒಪ್ಪುತ್ತಾಳೆಯೇ? ಲಕ್ಷ್ಮಿ ಮರದ ತುಂಡಿನಲ್ಲಿ ವಾಸಿಸುವುದಿಲ್ಲ ಎಂಬುದರ ಬಗ್ಗೆ ಒಂದು ಭಾಷಣವನ್ನೇ ತಯಾರು ಮಾಡಿಕೊಂಡು, ಗಾಡಿಯಲ್ಲಿ ಎರಡು ದಿನ ಅಭ್ಯಾಸ ಮಾಡಿ, ಅಡಿಗೆಮನೆಯ ಮುಂದೆ ಹೋಗಿ ನಿಂತೆ.

"ಅಮ್ಮಾ, ಹೊಸಿಲು ಕುಯ್ಯಬೇಕು. ನೋಡು, ನಮ್ಮ ಹಿರಿಯರು..."

"ಈಗಲೇನಾ?" ಎಂದಳು ಅಮ್ಮ. "ತಡಿ, ಹಾಲಿನ ಪಾತ್ರೆ ಮುಚ್ತೀನಿ. ಧೂಳು ಬೀಳತ್ತೆ."

ಅಷ್ಟೇ. ಭಾಷಣ ಪೂರ್ತಿ ದಂಡವಾಯಿತು. ಸ್ವಲ್ಪ ಸಿಟ್ಟೂ ಬಂತೆನ್ನಿ. ಸುಧಾರಕನಿಗೆ ಎದುರಾಳಿಯೇ ಇಲ್ಲದಿದ್ದರೆ ಅವನು ಯಾರನ್ನು ಸುಧಾರಿಸಬೇಕು?

ಹೊಸಿಲು ಹೋಯಿತು. ಬಾಗಿಲಿನ ಅಗಲವನ್ನು ಅಡಿಕೋಲಿನಲ್ಲಿ ಹಲವು ಸಲ ಅಳೆದೆ, ಕುರ್ಚಿಯನ್ನೂ ಅಳೆದೆ. ಎರಡೂ ಪಕ್ಕದಲ್ಲಿ ಒಂದೊಂದು ಬೆರಳು ಜಾಗ ಉಳಿಯುತ್ತಿತ್ತು. ಸುಮಿತ್ರಾಳನ್ನು ಕೂರಿಸಿ, "ಬಾ" ಎಂದು ಹೊರಗಿನಿಂದ ಕರೆದೆ. ಅವಳು ಎರಡು ಕೈಯಿಂದ ಸುತ್ತುಪಟ್ಟಿ ಹಿಡಿದು ಚಕ್ರ ತಿರುಗಿಸುತ್ತ ಬಂದಳು. ಬಾಗಿಲಿಗೆ ಬಂದದ್ದೇ ಎರಡು ಕೈಯೂ ಚೌಕಟ್ಟಿಗೆ ಸಿಕ್ಕಿ, ಗಾಜಿನ ಬಳೆಗಳು ಪಟಪಟನೆ ಒಡೆದವು.

ಕುರ್ಚಿಯನ್ನು ಅಳೆದಿದ್ದೆ, ಚಕ್ರವನ್ನು ಅಳೆದಿದ್ದೆ. ಚಕ್ರ ತಿರುಗಿಸಲು ಕೈ ಎಂಬುದೊಂದು ಬೇಕು, ಅದಕ್ಕೆ ಜಾಗ ಬೇಕು ಎನ್ನುವುದು ತಲೆಗೆ ಹೋಗಿರಲಿಲ್ಲ.

ಆದರೆ ಆ ಸದ್ದು ಕೇಳಿ ನನಗಾದ ದಿಗಿಲಿಗೆ ಅಳತೆಯ ತಪ್ಪು ಕಾರಣವಾಗಿರಲಿಲ್ಲ. ಮುತ್ತೈದೆಯ ಕೈಬಳೆ, ಅದೂ ಬಾಗಿಲಲ್ಲಿ, ಅದೂ ನಾನು ಎದುರಿಗೆ ನಿಂತಿರುವಾಗ! ಅಮ್ಮ ಪೊರಕೆ ತಂದು ಚೂರುಗಳನ್ನು ಗುಡಿಸುತ್ತ, "ಕೈಗೆ ಚುಚ್ಚಿತೇನೇ?" ಎಂದು ಸೊಸೆಯನ್ನು ಕೇಳಿದಳು. ಪಾಪ, ಒಳಗೊಳಗೆ ಎಷ್ಟು ನೊಂದಿದ್ದಾಳೋ ಎಂದುಕೊಂಡೆ.

ಸಂಜೆಯೇ ಹೊಸ ಬಳೆ ತಂದುಕೊಟ್ಟೆ. "ಅಮ್ಮನಿಗೋಸ್ಕರ" ಎಂದು ಸುಮಿತ್ರಾಳಿಗೆ ಹೇಳಿದೆ.

ಇನ್ನು ಬಾಗಿಲನ್ನು ಅಗಲ ಮಾಡಲೇಬೇಕಾಯಿತು. ಅದು ದೇಶದಲ್ಲಿ ರಾಜ್ಯಗಳ ಗಡಿಯನ್ನೆಲ್ಲ ಹೊಸದಾಗಿ ಎಳೆಯುತ್ತಿದ್ದ ವರ್ಷ. ಗಾಡಿಯ ತುಂಬ ಮುಂಬಯಿ ಯಾರಿಗೆ ಎಂಬ ಜಗಳ. ನಾನು ಮಾತ್ರ ಚೌಕಟ್ಟಿನ ಯೋಚನೆಯಲ್ಲಿದ್ದೆ. ಹಳೆಯ ದಪ್ಪ ಚೌಕಟ್ಟನ್ನು ಕಿತ್ತು, ಗೋಡೆಯ ಗಾರೆಯನ್ನು ಉಳಿಯಿಂದ ಕೆತ್ತಿ, ತೆಳುವಾದ ಹೊಸ ಚೌಕಟ್ಟು ಕೂರಿಸಬೇಕು. ಒಂದು ಭಾನುವಾರದ ಕೆಲಸ ಎಂದು ಲೆಕ್ಕ ಹಾಕಿದ್ದೆ. ದಸರೆ ಮುಗಿದರೂ ಮುಗಿಯಲಿಲ್ಲ. ಅಷ್ಟು ದಿನವೂ ಮನೆಗೆ ಬಾಗಿಲಿನ ಬದಲು ಒಂದು ಜಮಖಾನೆ ತೂಗುತ್ತಿತ್ತು.

"ಬಾಗಿಲೇ ಇಲ್ಲದ ಮನೆ ನಾನು ನೋಡ್ಲಿಲ್ಲ ಮಾರಾಯ್ರೇ" ಎಂದರು ಸದಾನಂದ. "ನನ್ನ ಹೋಟೆಲಿಗೂ ಬಾಗಿಲುಂಟು. ನಿನ್ನೆ ಒಬ್ಬ ಗಿರಾಕಿ ನಿಮ್ಮಲ್ಲಿಗೇ ನುಗ್ಗಿ ಚಾ ಕೇಳಿದನಂತೆ ಅಲ್ವಾ?"

ಕೇಳಿದ್ದು ನಿಜ. ಅಮ್ಮ ಕೊಟ್ಟಿದ್ದೂ ನಿಜ.

ಕೊನೆಗೂ ಹೊಸ ಚೌಕಟ್ಟು ಕೂತಿತು. ಸ್ವಲ್ಪ ವಾಲಿತ್ತು, ಮುಚ್ಚಬೇಕಾದರೆ ಬಾಗಿಲನ್ನು ಎತ್ತಿ ಹಿಡಿದು ಭುಜದಿಂದ ತಳ್ಳಬೇಕಿತ್ತು. ಆದರೆ ಅಗಲ ಧಾರಾಳವಾಗಿತ್ತು. ಕುರ್ಚಿಗೆ, ಚಕ್ರಕ್ಕೆ, ಕೈಗೆ, ಬಳೆಗೆ, ಎಲ್ಲಕ್ಕೂ ಜಾಗ ಬಿಟ್ಟಿದ್ದೆ. ದೀಪಾವಳಿ ಬಂತು. ಬಳೆಗಾರ ಬಂದು ಸುಮಿತ್ರಾಳ ಎರಡು ಕೈಗೂ ಹಸಿರು ಬಳೆ ತುಂಬ ತೊಡಿಸಿ ಹೋದ. ಹಬ್ಬದ ಮಧ್ಯಾಹ್ನ ಅವಳು ಹೊಸ ಬಾಗಿಲಿನತ್ತ ಹೊರಟಳು.

ಬಾಗಿಲು ಮುಟ್ಟುವುದಕ್ಕೆ ಮುಂಚೆಯೇ ಬಳೆ ಒಡೆಯಿತು.

ಬಾಗಿಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಚಕ್ರ ತಿರುಗಿಸಲು ಕೈ ಕೆಳಗೆ ಚಾಚಿದರೆ ಬಳೆಗಳೆಲ್ಲ ಮಣಿಕಟ್ಟಿಗೆ ಜಾರಿ, ಕಬ್ಬಿಣದ ಪಟ್ಟಿಗೆ ಬಡಿಯುತ್ತಿದ್ದವು, ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಳ್ಳುತ್ತಿದ್ದವು. ಚೂರುಗಳು ಅವಳ ಕೈಗೆ ಚುಚ್ಚುತ್ತಿದ್ದವು. ಕೆಳಗೆ ಬಿದ್ದವು ಟಯರಿಗೆ ಚುಚ್ಚಿ ಟ್ಯೂಬು ಪಂಕ್ಚರಾಗುತ್ತಿತ್ತು. ಅವಳ ಕಾಯಿಲೆಯಿಂದಾಗಿ ನಾನು ಒಳ್ಳೆಯ ಗಂಡ ಆದೆನೋ ಇಲ್ಲವೋ ಹೇಳಲಾರೆ, ಪಂಕ್ಚರ್ ಹಾಕುವವನಂತೂ ಆದೆ.

ಆದರೂ ಬುದ್ಧಿ ಉಪಯೋಗಿಸುವುದನ್ನು ಬಿಡಲಿಲ್ಲ. ಬಳೆಗಳನ್ನು ಮೊಣಕೈಯವರೆಗೆ ಸರಿಸಿ ರಿಬ್ಬನ್ನಿನಿಂದ ಕಟ್ಟಿದೆ. ಅವಳ ಬೆರಳು ಜೋಮು ಹಿಡಿದವು. ಚರ್ಮದ ಪಟ್ಟಿ ಹೊಲಿಸಿ ಬಳೆಯ ಮೇಲೆ ಸುತ್ತಿದೆ. ಅದರೊಳಗೇ ಬಳೆ ಪುಡಿಯಾಯಿತು. ಬಾಂದ್ರಾ ಬಜಾರಿಗೆ ಹೋಗಿ, ಒಡೆಯದ ಸೆಲ್ಯುಲಾಯ್ಡ್ ಬಳೆ ತಂದೆ. ಗಾಜಾದರೆ ಒಡೆದು ಕೈ ಬಿಡುತ್ತಿತ್ತು, ಇದು ಕಡ್ಡಿಗೆ ಸಿಕ್ಕಿ ಕೈಯನ್ನೇ ತಿರುಚಿತು. ಸುಮಿತ್ರಾ ಹಲ್ಲು ಕಚ್ಚಿಕೊಂಡು ಕಣ್ಣೀರು ತಡೆದಳು.

"ಕೈ ತೊಡೆ ಮೇಲಿಟ್ಟುಕೊಂಡು ಕೂತಿರು" ಎಂದೆ. "ದಿನಾ ಬೆಳಿಗ್ಗೆ ನಾನೇ ತಳ್ಳಿಕೊಂಡು ಹೋಗಿ ಶಾಲೆಗೆ ಬಿಡ್ತೀನಿ."

"ಮಧ್ಯಾಹ್ನ ಕರ್ಕೊಂಡು ಬರೋರು ಯಾರು? ಪಾಠದ ಮಧ್ಯೆ ಬೋರ್ಡಿನ ಹತ್ರಕ್ಕೆ ತಳ್ಳೋರು ಯಾರು? ನಿಮ್ಮ ಆಫೀಸಿನ ಸಾಹೇಬರಾ?"

ನಾನು ಪಂಕ್ಚರಾದ ಟ್ಯೂಬು ಎತ್ತಿಕೊಂಡು ಹೊರಗೆ ಹೋದೆ.

ರಜೆಯ ಕೊನೆಯ ದಿನ ಶಾಲೆಯವರೆಗೆ ಹೋಗಿ ನೋಡೋಣವೆಂದು ಹೊರಟೆವು. ಅವಳು ಮುಂದೆ, ನಾನು ಪಂಪು ಮತ್ತು ಪಂಕ್ಚರ್ ಡಬ್ಬಿ ಹಿಡಿದು ಹಿಂದೆ. ಇಳಿಜಾರು ಸಲೀಸಾಗಿ ಇಳಿದಳು, ಬೀದಿಯಲ್ಲೂ ಚೆನ್ನಾಗಿಯೇ ಸಾಗಿದಳು. ಶಾಲೆಯ ಗೇಟು ಕಾಣಿಸುವ ಹೊತ್ತಿಗೆ ಬಲಗೈಗೆ ಮತ್ತೆ ತೊಟ್ಟಿದ್ದ ಗಾಜಿನ ಬಳೆ ಒಡೆದು ಮಣಿಕಟ್ಟು ಸೀಳಿತು. ಚಕ್ರದಿಂದ ಗಾಳಿಯೂ ಹೋಯಿತು. ನಾನು ಬೀದಿ ನಡುವೆ ಕೂತು ಟ್ಯೂಬು ಬಿಚ್ಚಿದೆ. ಅವಳು ರಕ್ತ ಕಾಣಬಾರದೆಂದು ಕೈಗೆ ಸೆರಗು ಸುತ್ತಿಕೊಂಡಳು. ನೀಲಾವತಿಬಾಯಿ ಗೇಟಿನಲ್ಲಿ ನಿಂತು ಎಲ್ಲವನ್ನೂ ನೋಡಿದರು.

"ನಾಳೆ ಸಾಲಿ ಸುರು ಆಗತದ ಟೀಚರ್" ಎಂದರು, ದನಿಯಲ್ಲಿ ಕನಿಕರವಿತ್ತು. "ಗಂಟಿ ಹೊಡಿಯೂದ್ರಾಗ ಬಂದ್ರಿ ಅಂದ್ರ ಕ್ಲಾಸು ನಿಮ್ದು. ಇಲ್ಲಾಂದ್ರ ಇನ್ನೊಬ್ಬಾಕಿಗೆ ಬಾ ಅಂತ ಹೇಳಬೇಕಾಗತದ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

ಚಕ್ರ ಸರಿಮಾಡಿ ಮನೆಗೆ ಬಂದೆವು. ನಾನು ಸುತ್ತುಪಟ್ಟಿಗೆ ಹಳೆಯ ಕಂಬಳಿ ಸುತ್ತುವ ಒಂದು ಹೊಸ ಉಪಾಯ ವಿವರಿಸಿದೆ. ಸುಮಿತ್ರಾ ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕೋಟು ಹಾಕಿಕೊಳ್ಳುತ್ತಿದ್ದಾಗ ಅವಳು ತಯಾರಾಗಿ ಕುರ್ಚಿಯಲ್ಲಿ ಕೂತಿದ್ದಳು. ಶಾಲೆಯ ಸೀರೆ, ಹಣೆಗೆ ಕುಂಕುಮ, ತಲೆಯಲ್ಲಿ ಹೂ. ತೊಡೆಯ ಮೇಲೆ ಪಾಠದ ಪುಸ್ತಕಗಳು.

"ಸ್ವಲ್ಪ ಸೋಪು ನೀರು ಮಾಡಿಕೊಡಿ ರೀ" ಎಂದಳು.

"ಯಾಕೆ?"

"ಬಳೆ ತೆಗೀಬೇಕು. ಎಲ್ಲಾನೂ."

ಮುಲುಂಡಿನಿಂದ ದಾದರಿನವರೆಗೆ ಬೆಕ್ಕುಗಳ ಪರ ವಾದಿಸಿದ ಸುಧಾರಕ ಎಲ್ಲಿ ಹೋದನೋ ಗೊತ್ತಾಗಲಿಲ್ಲ. "ಅಲ್ಲ, ಹಾಗಲ್ಲ" ಎಂದು ತೊದಲಿದೆ. "ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ, ನಿನಗೇ ಗೊತ್ತಲ್ಲ. ಆದರೆ ಅಮ್ಮ ಇದಾಳೆ. ಈ ವಯಸ್ಸಲ್ಲಿ ಸೊಸೆಯ ಬರಿಗೈ ನೋಡಿದರೆ ಅವಳ ಎದೆ ಒಡೆದು ಹೋಗತ್ತೆ. ಅವಳ ಮುಖ ನೋಡಿ ಆದರೂ..."

"ನನ್ನ ಹೆಸರು ಯಾಕೋ ಹೇಳ್ತೀಯ?"

ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೊಸೆಗೆ ಕಟ್ಟಿದ ಬುತ್ತಿ.

"ನಾನು ಯಾವತ್ತಾದ್ರೂ ಬೇಡ ಅಂದ್ನಾ? ಹೊಸಿಲು ಕುಯ್ದೆ, ಬೇಡ ಅಂದ್ನಾ? ಹೆದರ್ತಿರೋನು ನೀನು."

"ನಾನೇನೂ ಹೆದರ್ತಿಲ್ಲ ಅಮ್ಮಾ. ಬರಿಗೈ ಅಂದ್ರೆ ಒಂಥರಾ..."

ಅಮ್ಮ ಬುತ್ತಿಯನ್ನು ಸುಮಿತ್ರಾಳ ತೊಡೆಯ ಮೇಲಿಟ್ಟು, ತನ್ನ ಎರಡು ಕೈಗಳನ್ನೂ ನನ್ನ ಮುಖದ ಮುಂದೆ ಚಾಚಿದಳು. ಅಪ್ಪ ಹೋದಂದಿನಿಂದ ಬಳೆ ಕಾಣದ ಕೈಗಳು. ಒಲೆಯ ಶಾಖಕ್ಕೆ ಬೆಂದು ಕಪ್ಪಾದ ಬೆರಳುಗಳು.

"ನೋಡು, ಇದೂ ಬರಿಗೈಯೇ. ಇದೇ ಕೈಯಲ್ಲಿ ತಾನೇ ನಿಂಗೆ ಅನ್ನ ಕಲಸಿ ತಿನ್ನಿಸಿದ್ದು? ಆಗ ಭಯ ಆಗ್ಲಿಲ್ವೇನೋ?"

ಅಷ್ಟು ವರ್ಷ ಅಮ್ಮನ ಜೊತೆ ಒಂದೇ ಮನೆಯಲ್ಲಿದ್ದು, ಲೋಕದ ಕಿಟಕಿಗಳನ್ನೆಲ್ಲ ಅಳೆದಿದ್ದ ನಾನು ಆ ಕೈಗಳನ್ನು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ. ಕಣ್ಣು ತುಂಬಿತು. ನಾಚಿಕೆಯಾಯಿತು. ಒಳಗೆ ಹೋಗಿ ಬೋಗುಣಿಯಲ್ಲಿ ಸೋಪು ನೀರು ಮಾಡಿ ತಂದೆ.

"ನೀನೇ ತೆಗಿ" ಎಂದಳು ಅಮ್ಮ.

ನೆಲದ ಮೇಲೆ ಕೂತು, ಸುಮಿತ್ರಾಳ ಎಡಗೈಯನ್ನು ನೀರಲ್ಲಿ ನೆನೆಸಿ, ಒಂದೊಂದಾಗಿ ಬಳೆ ಜಾರಿಸಿದೆ. ನಿನ್ನೆಯ ಗಾಯಗಳು ಮಣಿಕಟ್ಟಿನ ಸುತ್ತ ಕೆಂಪಾಗಿದ್ದವು. ಎಡಗೈ ಮುಗಿಯುವ ಹೊತ್ತಿಗೆ ನನಗೆ ಎದೆ ಹಿಡಿದುಕೊಂಡ ಹಾಗಾಯಿತು. ಬೆಳಿಗ್ಗೆ ತಿಂದ ಉಪ್ಪಿಟ್ಟು ಇರಬೇಕು ಎಂದುಕೊಂಡರೂ ಗುಟ್ಟಾಗಿ ನಾಡಿ ಹಿಡಿದು ನೋಡಿಕೊಂಡೆ. ಬಲಗೈಯಲ್ಲಿ ಕೊನೆಯದೊಂದು ಉಳಿದಾಗ, "ಇದೊಂದು ಇರಲಿ ಬಿಡು" ಎಂದೆ. ಸುಮಿತ್ರಾ ಕೈ ಚಾಚಿಕೊಂಡೇ ಇದ್ದಳು. ಅದನ್ನೂ ತೆಗೆದೆ.

ಅಮ್ಮ ಅವಳ ಕೈಗಳನ್ನು ತನ್ನ ಸೆರಗಿನಿಂದ ಒರೆಸಿದಳು. ಸುಮಿತ್ರಾ ಪುಸ್ತಕ ಸರಿಮಾಡಿಕೊಂಡು, ಸುತ್ತುಪಟ್ಟಿಗಳನ್ನು ಗಟ್ಟಿಯಾಗಿ ಹಿಡಿದು, ಚಕ್ರ ತಿರುಗಿಸಿದಳು. ಕುರ್ಚಿ ನೇರ ಬಾಗಿಲಿಗೆ ಬಂತು. ಅಲ್ಲಿ ನಿಂತಿತು, ಯಾಕೆಂದರೆ ನಾನು ಎರಡೂ ಕಡೆಯ ಚೌಕಟ್ಟು ಹಿಡಿದುಕೊಂಡು ಬಾಗಿಲಿನ ಮಧ್ಯದಲ್ಲಿ ನಿಂತಿದ್ದೆ. ಯಾವಾಗ ಹೋಗಿ ಹಾಗೆ ನಿಂತೆನೋ ನನಗೇ ಗೊತ್ತಿರಲಿಲ್ಲ.

ಅವಳು ತಲೆಯೆತ್ತಿ ನೋಡಿದಳು. ಕೋಪವಿರಲಿಲ್ಲ, ಸ್ವಲ್ಪ ನಗುವೇ ಇತ್ತು.

"ನಿಮಗೇನೂ ಆಗಲ್ಲ ರೀ" ಎಂದಳು. "ಬಾಗಿಲು ಬಿಡಿ."